ಚರ್ಮದ ಮುಪ್ಪು ಮತ್ತು ಬಾವಂಚಿ ಬೀಜದ ಪಾಠ

(ಗುಡವಿಯಲ್ಲಿ ನಡೆದ ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ವಿದ್ಯಾರ್ಥಿಗಳು ಹಾಗೂ ತಾಯಂದಿರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ಶಿಕ್ಷಣದ ಮಹತ್ವವನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವ ವಿಷಯ ಕೇಳಿದರೆ ಕೆಲವರಿಗೆ ನಗು ಬರಬಹುದು. ವಯಸ್ಸಾಗುತ್ತಿರುವ ಚರ್ಮಕ್ಕೆ ಹಚ್ಚುವ ವಸ್ತುಗಳ ಬಗ್ಗೆ ವಿಜ್ಞಾನಿಗಳು ಏನು ಸಂಶೋಧನೆ ಮಾಡಿದ್ದಾರೆ ಎಂಬುದೇ ನನ್ನ ವಿಷಯ. ಉರ್ದು, ಕನ್ನಡ ಪಾಠ ಹೇಳುವ ಟೀಚರಿಗೆ ಕ್ರೀಮಿನ ಸುದ್ದಿ ಯಾಕೆ ಎಂದು ಹಿಂದಿನ ಸಾಲಿನ ಹುಡುಗಿಯರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಕಾರಣವಿದೆ, ಹೇಳುತ್ತೇನೆ.

ಉರ್ದುವಿನಲ್ಲಿ ಚರ್ಮಕ್ಕೆ 'ಜಿಲ್ದ್' ಎನ್ನುತ್ತೇವೆ. ಪುಸ್ತಕಕ್ಕೆ ಕಟ್ಟುವ ರಟ್ಟಿಗೂ 'ಜಿಲ್ದ್' ಎಂದೇ ಹೆಸರು. ಹೊರಗಿನ ಜಿಲ್ದ್ ನೋಡಿ ಒಳಗಿರುವುದನ್ನು ಅಳೆಯಬಾರದು ಎಂದು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಒಮ್ಮೆ ನಾನೇ ಹೊರಗಿನ ಚೀಟಿಯನ್ನು ನೋಡಿ ಒಳಗಿನದನ್ನು ನಂಬಿದೆ. ಅದರ ಫಲವನ್ನು ಅನುಭವಿಸಿದವರು ನನ್ನ ಖಾಲಾ, ಅಂದರೆ ನನ್ನ ತಾಯಿಯ ತಂಗಿ.

ಆರು ವರ್ಷಗಳ ಹಿಂದಿನ ಮಾತು. ಖಾಲಾ ಅವರ ಕಿರಿಯ ಮಗಳ ನಿಕಾಹ್ ಗೊತ್ತಾಗಿತ್ತು. ಖಾಲಾಗೆ ಆಗ ಐವತ್ತು ದಾಟಿತ್ತು. ಬಾಲ್ಯದಿಂದಲೂ ಗದ್ದೆ, ಶುಂಠಿ ಕೆಲಸ ಮಾಡಿದ ಮುಖ. ಕೆನ್ನೆಯ ಮೇಲೆ ಕಂದು ಕಲೆ, ಕಣ್ಣಂಚಿನಲ್ಲಿ ಸುಕ್ಕು. ಬೀಗರ ಮುಂದೆ ಸ್ವಲ್ಪ ಚೆನ್ನಾಗಿ ಕಾಣಬೇಕೆಂಬ ಆಸೆ ಯಾವ ತಾಯಿಗೆ ಇರುವುದಿಲ್ಲ? ಸಂತೆಯಲ್ಲಿ ಯಾರೋ ಮಾರಿದ ಒಂದು ಸಣ್ಣ ಬಾಟಲಿ ಎಣ್ಣೆ ತಂದು ನನ್ನ ಕೈಗೆ ಕೊಟ್ಟರು. ಅವರಿಗೆ ಓದಲು ಬರುವುದಿಲ್ಲ.

"ನೀನು ಓದಿದವಳು ಬೇಟಿ, ಇದರಲ್ಲಿ ಏನು ಬರೆದಿದೆ ನೋಡಿ ಹೇಳು" ಎಂದರು.

ಚೀಟಿಯ ಮೇಲೆ ಉರ್ದುವಿನಲ್ಲಿ ಬಾಬ್ಚಿ ಎಣ್ಣೆ ಎಂದೂ, ಚರ್ಮಕ್ಕೆ ಒಳ್ಳೆಯದೆಂದೂ ಇತ್ತು. ಬಾಬ್ಚಿ ಎಂದರೆ ಯುನಾನಿ ಹಕೀಮರು ಬಳಸುವ ಬೀಜ ಎಂಬುದು ನನಗೆ ಗೊತ್ತಿತ್ತು. "ಚರ್ಮಕ್ಕೆ ಒಳ್ಳೆಯದಂತೆ ಖಾಲಾ, ಹಚ್ಚಿಕೊಳ್ಳಿ" ಎಂದುಬಿಟ್ಟೆ.

ಅವರು ಹಚ್ಚಿಕೊಂಡು ಶುಂಠಿ ಕೀಳಲು ಹೋದರು. ಇಡೀ ದಿನ ಬಿಸಿಲು. ಮೂರನೆಯ ದಿನ ಕೆನ್ನೆ, ಹಣೆ, ಮೂಗಿನ ಮೇಲೆ ಬೆಂಕಿ ತಾಗಿದ ಹಾಗೆ ಗುಳ್ಳೆಗಳು ಎದ್ದವು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಬಾಟಲಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ರಾ?" ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಿತು. ಮಗಳ ನಿಕಾಹ್ ದಿನ ಖಾಲಾ ಅಡುಗೆಯವರ ಜೊತೆಯಲ್ಲೇ ಇದ್ದುಬಿಟ್ಟರು. ಒಂದೇ ಒಂದು ಫೋಟೋದಲ್ಲೂ ಅವರಿಲ್ಲ. ನನ್ನನ್ನು ಅವರು ಇಂದಿಗೂ ಒಂದು ಮಾತು ಅಂದಿಲ್ಲ. ಅದೇ ನನಗೆ ಹೆಚ್ಚು ನೋವು.

ಬಿ.ಎಡ್. ಮಾಡಿದ ನನಗೆ ಅಕ್ಷರ ಓದಲು ಬಂದಿತ್ತು; ಆ ವಸ್ತು ಏನು, ಅದನ್ನು ಯಾರು, ಹೇಗೆ ಪರೀಕ್ಷಿಸಿದ್ದಾರೆ ಎಂದು ಕೇಳಲು ಬಂದಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದತೊಡಗಿದೆ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಚರ್ಮಕ್ಕೆ ಮುಪ್ಪು ಬರುವುದು ಹೇಗೆ?

ನಮ್ಮ ಚರ್ಮದ ಮೇಲ್ಪದರದ ಕೆಳಗೆ ಇನ್ನೊಂದು ದಪ್ಪ ಪದರವಿದೆ. ಅದರಲ್ಲಿ ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡಿರುತ್ತವೆ. ಮಂಚಕ್ಕೆ ಬಿಗಿಯಾಗಿ ಹೆಣೆದ ಹಗ್ಗದಂತೆ ಇವು ಚರ್ಮವನ್ನು ಹಿಡಿದಿಡುತ್ತವೆ. ವಯಸ್ಸಾದಂತೆ ಹೊಸ ಎಳೆಗಳು ಹುಟ್ಟುವುದು ಕಡಿಮೆಯಾಗುತ್ತದೆ, ಹಳೆಯವು ತುಂಡಾಗುತ್ತವೆ. ಹಗ್ಗ ಸಡಿಲವಾದ ಮಂಚ ಜೋತುಬೀಳುವಂತೆ ಚರ್ಮವೂ ಸಡಿಲವಾಗಿ ಸುಕ್ಕು ಬೀಳುತ್ತದೆ. ಇದು ಸೃಷ್ಟಿಯ ನಿಯಮ, ಯಾರಿಗೂ ತಪ್ಪಿದ್ದಲ್ಲ.

ಆದರೆ ನಾವು ಮುಪ್ಪು ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಯಸ್ಸಿನದಲ್ಲ, ಬಿಸಿಲಿನದು. ಬೇಕಾದರೆ ಮನೆಗೆ ಹೋಗಿ ಅಜ್ಜಿಯ ಮುಂಗೈ ಚರ್ಮವನ್ನೂ ತೋಳಿನ ಒಳಭಾಗದ ಚರ್ಮವನ್ನೂ ಹೋಲಿಸಿ ನೋಡಿ. ಎರಡಕ್ಕೂ ವಯಸ್ಸು ಒಂದೇ. ಆದರೆ ಒಂದು ಸುಕ್ಕುಗಟ್ಟಿ ಕಲೆಬಿದ್ದಿರುತ್ತದೆ, ಇನ್ನೊಂದು ನುಣುಪಾಗಿರುತ್ತದೆ.

2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಲಾರಿ ಚಾಲಕರ ಚಿತ್ರ ಪ್ರಕಟವಾಯಿತು. ಅವರು 28 ವರ್ಷ ಲಾರಿ ಓಡಿಸಿದ್ದರು. ಅಲ್ಲಿ ಚಾಲಕರು ಕೂರುವುದು ಎಡಗಡೆ. ಕಿಟಕಿಯ ಬಿಸಿಲು ಬೀಳುತ್ತಿದ್ದದ್ದು ಮುಖದ ಎಡಭಾಗಕ್ಕೆ. ಆ ಎಡಭಾಗ ಬಲಭಾಗಕ್ಕಿಂತ ಎಷ್ಟೋ ವರ್ಷ ಹಿರಿದಾಗಿ ಕಾಣುತ್ತದೆ. ಸೂರ್ಯನ ಅತಿನೇರಳೆ ಕಿರಣಗಳಲ್ಲಿ 'ಎ' ಎಂಬ ಬಗೆಯದು ಕಿಟಕಿಯ ಗಾಜನ್ನು ಮಾತ್ರವಲ್ಲ, ಮೋಡವನ್ನೂ ದಾಟಿ ಬರುತ್ತದೆ. ಮಲೆನಾಡಿನವರಾದ ನಾವು ಮೋಡ ಕವಿದಿದೆ, ಬಿಸಿಲೆಲ್ಲಿದೆ ಎಂದುಕೊಳ್ಳುತ್ತೇವೆ. ಹಾಗಲ್ಲ.

ಎಣಿಸಿ ನೋಡಿದವರು

ನಮ್ಮ ಗುಡವಿ ಕೆರೆಗೆ ಪ್ರತಿ ಮಳೆಗಾಲ ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ. "ಈ ವರ್ಷ ಹಕ್ಕಿ ಕಡಿಮೆ" ಎಂದು ಒಬ್ಬರು ಹೇಳಿದರೆ "ಇಲ್ಲ, ಜಾಸ್ತಿ" ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ನಿಜ? ಎಣಿಸಿದವರ ಮಾತು ನಿಜ. ಕ್ರೀಮಿನ ವಿಷಯವೂ ಹಾಗೆಯೇ. ನನಗೆ ಗುಣವಾಯಿತು, ಪಕ್ಕದ ಮನೆಯವರಿಗೆ ಹೊಳಪು ಬಂತು ಎಂಬುದು ಎಣಿಕೆಯಲ್ಲ.

ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ ಹೀಗೆ ಎಣಿಸಿ ನೋಡಿದರು. 55 ವರ್ಷದೊಳಗಿನ 903 ಜನರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿದರು. ಕೆಲವರಿಗೆ ದಿನವೂ ತಪ್ಪದೆ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಕ್ರೀಮ್ ಹಚ್ಚಲು ಹೇಳಿದರು. ಉಳಿದವರಿಗೆ ನಿಮಗೆ ಬೇಕೆನಿಸಿದಾಗ ಹಚ್ಚಿಕೊಳ್ಳಿ ಎಂದರು. ನಾಲ್ಕೂವರೆ ವರ್ಷಗಳ ನಂತರ ಅವರ ಕೈಯ ಚರ್ಮದ ಅಚ್ಚು ತೆಗೆದು ಹೋಲಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆ ಇತ್ತು. ಅದೇ ಪರೀಕ್ಷೆಯಲ್ಲಿ ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ ಅಂಶದ ಮಾತ್ರೆಗಳನ್ನೂ ಕೆಲವರಿಗೆ ಕೊಟ್ಟಿದ್ದರು. ಒಟ್ಟಾರೆ ನೋಡಿದರೆ ಅದರಿಂದ ಪ್ರಯೋಜನ ಕಾಣಲಿಲ್ಲ. ಕೇಳಲು ಚೆಂದವಿದ್ದ ಮಾತ್ರೆ ಎಣಿಕೆಯಲ್ಲಿ ಸೋತಿತು.

ಇನ್ನು ಬಿದ್ದ ಸುಕ್ಕನ್ನು ಕಡಿಮೆ ಮಾಡುವ ವಸ್ತುಗಳ ವಿಚಾರ. ಇವುಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು 'ಎ' ಜೀವಸತ್ವದ ಬಳಗ. ಅದರಲ್ಲಿ ಟ್ರೆಟಿನಾಯಿನ್ ಎಂಬುದು ಮೊದಲು ಮೊಡವೆಗೆ ಬಂದ ಔಷಧಿ. ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು ಬಿಸಿಲಿನಿಂದ ಮುಪ್ಪಾದ ಚರ್ಮಕ್ಕೂ ಅದು ಆಗಬಹುದೆಂದು 1986ರಲ್ಲಿ ಬರೆದರು. 1988ರಲ್ಲಿ ಮಿಷಿಗನ್‌ನ ವೈದ್ಯರು 30 ಜನರ ಒಂದು ಮುಂಗೈಗೆ ಔಷಧಿ, ಇನ್ನೊಂದು ಮುಂಗೈಗೆ ಬರೀ ಕ್ರೀಮ್ ಹಚ್ಚಿಸಿ 16 ವಾರ ನೋಡಿದರು. ಯಾವ ಕೈಗೆ ಯಾವುದು ಎಂಬುದು ಹಚ್ಚಿದವರಿಗೂ ಗೊತ್ತಿಲ್ಲ, ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಔಷಧಿ ಹಚ್ಚಿದ ಕೈ ಸುಧಾರಿಸಿತ್ತು. ಜೊತೆಗೆ ಬಹುತೇಕ ಎಲ್ಲರಿಗೂ ಚರ್ಮ ಕೆಂಪಾಗಿ ಉರಿದಿತ್ತು. ಎರಡನ್ನೂ ಬರೆದಿಟ್ಟರು. ಲಾಭದ ಪಕ್ಕದಲ್ಲೇ ನಷ್ಟವನ್ನೂ ಬರೆಯುವುದು ಪ್ರಾಮಾಣಿಕ ಸಂಶೋಧನೆಯ ಗುರುತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಇದೇ ಕ್ಲಿಗ್‌ಮನ್ 1950ರಿಂದ 1970ರ ದಶಕದವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿದವರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಬಡವರು. ಅಲ್ಪ ಹಣಕ್ಕಾಗಿ ಬೆನ್ನು ಕೊಟ್ಟವರು. ಏನು ಹಚ್ಚುತ್ತಿದ್ದಾರೆ, ಅದರಿಂದ ಏನಾಗಬಹುದು ಎಂಬುದನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. 2021ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಇದಕ್ಕಾಗಿ ಕ್ಷಮೆ ಕೇಳಿತು. ಇಂದು ಪರೀಕ್ಷೆಗೆ ಒಳಗಾಗುವವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮವಿದೆ. ಅಂತಹ ಜನರ ನೋವಿನ ಮೇಲೆ ಆ ನಿಯಮ ನಿಂತಿದೆ ಎಂಬುದನ್ನು ಮರೆಯಬಾರದು.

ಒಂದೇ ಬೀಜ, ಎರಡು ಗುಣ

ಈಗ ಖಾಲಾ ಹಚ್ಚಿಕೊಂಡ ಬೀಜಕ್ಕೆ ಬರುತ್ತೇನೆ. ಉರ್ದುವಿನ ಬಾಬ್ಚಿಯೇ ಕನ್ನಡದ ಬಾವಂಚಿ, ಸಂಸ್ಕೃತದ ಬಾಕುಚಿ. ಅವರೆ, ಹುರುಳಿಯ ಕುಟುಂಬಕ್ಕೆ ಸೇರಿದ ಗಿಡ. ನೇರಳೆ ಬಣ್ಣದ ಸಣ್ಣ ಹೂವು, ಕಪ್ಪು ಬೀಜ. ಆಯುರ್ವೇದದ ಪಂಡಿತರೂ ಯುನಾನಿ ಹಕೀಮರೂ ತೊನ್ನಿಗೆ, ಅಂದರೆ ನಾವು ಬರಸ್ ಎನ್ನುವ ಬಿಳಿ ಕಲೆಗೆ, ಇದನ್ನು ಶತಮಾನಗಳಿಂದ ಬಳಸಿದ್ದಾರೆ.

ಈ ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವಿದೆ. ಅದು ಚರ್ಮದಲ್ಲಿ ಸೇರಿಕೊಂಡು ಬಿಸಿಲು ಬಿದ್ದಾಗ ಕೆಲಸ ಮಾಡುತ್ತದೆ. ಅಳತೆಯಲ್ಲಿದ್ದರೆ ಬಣ್ಣ ಕಳೆದುಕೊಂಡ ಚರ್ಮಕ್ಕೆ ಬಣ್ಣ ತರುತ್ತದೆ. ಅಳತೆ ಮೀರಿದರೆ ಸುಡುತ್ತದೆ. 13ನೆಯ ಶತಮಾನದಲ್ಲಿ ಅಂದಲೂಸಿಯಾದ ಸಸ್ಯಶಾಸ್ತ್ರಜ್ಞ ಇಬ್ನ್ ಅಲ್-ಬೈತಾರ್ ಇದೇ ಗುಣವಿರುವ ಇನ್ನೊಂದು ಗಿಡದ ಬೀಜವನ್ನು ಕೊಟ್ಟು, ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಚಿಕಿತ್ಸೆಯನ್ನು ಬರೆದಿದ್ದಾರೆ. 1940ರ ದಶಕದಲ್ಲಿ ಕೈರೋದ ವೈದ್ಯ ಅಬ್ದುಲ್ ಮೊನೆಮ್ ಎಲ್ ಮೊಫ್ತಿ ಆ ಬೀಜದಿಂದ ತೆಗೆದ ಶುದ್ಧ ಸೊರಾಲೆನ್ ಜಾತಿಯ ಔಷಧಿಯನ್ನು ತೊನ್ನಿಗೆ ಪ್ರಯೋಗಿಸಿದರು. ಇಂದು ಆಸ್ಪತ್ರೆಗಳಲ್ಲಿ ಔಷಧಿಯ ಪ್ರಮಾಣ, ಬೆಳಕಿನ ಸಮಯ ಎರಡನ್ನೂ ಅಳೆದು ಮಾಡುವ ಚಿಕಿತ್ಸೆ ಅದರ ಮುಂದುವರಿಕೆ. ಹಳೆಯವರಿಗೆ ಬಿಸಿಲಿನ ಸಂಬಂಧ ಗೊತ್ತಿತ್ತು. ಸಂತೆಯ ಬಾಟಲಿಯ ಮೇಲೆ ಚೀಟಿ ಬರೆದವರು ಆ ಮಾತನ್ನೇ ಬಿಟ್ಟಿದ್ದರು.

ಆದರೆ ಬಾವಂಚಿಯ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗೋವರ್ಧನ್ ಮೆಹ್ತಾ, ಯು. ಆರ್. ನಾಯಕ್ ಮತ್ತು ಸುಖ್ ದೇವ್ ಎಂಬ ಮೂವರು ರಸಾಯನಶಾಸ್ತ್ರಜ್ಞರು ಇದೇ ಬೀಜದ ಇನ್ನೊಂದು ವಸ್ತುವಿನ ರಚನೆಯನ್ನು ಪ್ರಕಟಿಸಿದರು. ಅದರ ಹೆಸರು ಬಾಕುಚಿಯಾಲ್. ಆಗ ಗೋವರ್ಧನ್ ಮೆಹ್ತಾ ಇಪ್ಪತ್ತರ ಹರೆಯದ ಸಂಶೋಧನಾ ವಿದ್ಯಾರ್ಥಿ. ಮುಂದೆ ಅವರೇ 1998ರಿಂದ 2005ರವರೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಬಾಕುಚಿಯಾಲ್ ದಶಕಗಳ ಕಾಲ ರಸಾಯನಶಾಸ್ತ್ರದ ಪುಟಗಳಲ್ಲೇ ಉಳಿಯಿತು. 2014ರಲ್ಲಿ ಅದು ಚರ್ಮದ ಜೀವಕೋಶಗಳ ಮೇಲೆ ರೆಟಿನಾಲ್‌ನಂತೆಯೇ ಪರಿಣಾಮ ಬೀರುತ್ತದೆ ಎಂಬ ಅಧ್ಯಯನ ಪ್ರಕಟವಾಯಿತು. ರೆಟಿನಾಲ್ ಎಂದರೆ ನಾನು ಆಗ ಹೇಳಿದ 'ಎ' ಜೀವಸತ್ವದ ಬಳಗದ್ದೇ. ಎರಡರ ರಚನೆಗೂ ಹೋಲಿಕೆಯಿಲ್ಲ, ಆದರೆ ಕೆಲಸದಲ್ಲಿ ಹೋಲಿಕೆಯಿದೆ. 2019ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯಲ್ಲಿ ಇವೆರಡನ್ನೂ ಮನುಷ್ಯರ ಮುಖದ ಮೇಲೆ ಹೋಲಿಸಿದ ವರದಿ ಬಂತು. 44 ಜನ, 12 ವಾರ. ಕೆಲವರಿಗೆ ಶೇಕಡಾ 0.5ರ ಬಾಕುಚಿಯಾಲ್ ದಿನಕ್ಕೆ ಎರಡು ಸಲ, ಉಳಿದವರಿಗೆ ಶೇಕಡಾ 0.5ರ ರೆಟಿನಾಲ್ ದಿನಕ್ಕೆ ಒಂದು ಸಲ. ಎರಡೂ ಗುಂಪುಗಳಲ್ಲಿ ಸುಕ್ಕು ಮತ್ತು ಕಲೆ ಕಡಿಮೆಯಾದವು. ಎರಡರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೇಳುವುದು, ಚುರುಚುರು ಎನ್ನುವುದು ರೆಟಿನಾಲ್ ಹಚ್ಚಿದವರಲ್ಲಿ ಹೆಚ್ಚಾಗಿತ್ತು.

ಇಷ್ಟು ಕೇಳಿದ ಕೂಡಲೇ ಬಾವಂಚಿ ಗೆದ್ದಿತು ಎಂದು ಚಪ್ಪಾಳೆ ತಟ್ಟಬೇಡಿ. 44 ಜನ ಸಣ್ಣ ಸಂಖ್ಯೆ. 12 ವಾರ ಸಣ್ಣ ಅವಧಿ. ಯಾವ ಔಷಧಿಯೂ ಇಲ್ಲದ ಬರೀ ಕ್ರೀಮ್ ಹಚ್ಚಿದ ಮೂರನೆಯ ಗುಂಪು ಅದರಲ್ಲಿರಲಿಲ್ಲ. ಭರವಸೆ ಮೂಡಿಸುವ ಪರೀಕ್ಷೆ ಅದು, ಕೊನೆಯ ತೀರ್ಪಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತು: ಪರೀಕ್ಷಿಸಿದ್ದು ಬೇರ್ಪಡಿಸಿ ತೆಗೆದ ಬಾಕುಚಿಯಾಲನ್ನು, ಅರೆದ ಬೀಜವನ್ನಲ್ಲ. ಒಂದೇ ಬೀಜದೊಳಗೆ ಸುಡುವ ಸೊರಾಲೆನ್ ಕೂಡ ಇದೆ, ಸುಕ್ಕು ತಗ್ಗಿಸಬಹುದಾದ ಬಾಕುಚಿಯಾಲ್ ಕೂಡ ಇದೆ. ಎರಡನ್ನೂ ಬೇರೆ ಮಾಡಿದ್ದು ಪ್ರಯೋಗಾಲಯದ ಜ್ಞಾನ. ಆ ಜ್ಞಾನವಿಲ್ಲದ ಬಾಟಲಿ ನನ್ನ ಖಾಲಾರ ಮುಖವನ್ನು ಸುಟ್ಟಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವುದೂ ತಪ್ಪು, ನಾಟಿ ಎಂದ ಮಾತ್ರಕ್ಕೆ ಹುರುಳಿಲ್ಲ ಎನ್ನುವುದೂ ತಪ್ಪು.

ಹಚ್ಚುವ ಮೊದಲು ಕೇಳಬೇಕಾದದ್ದು

ಮುಪ್ಪು ಅಳಿಸುತ್ತದೆ, ಕಲೆ ತೆಗೆಯುತ್ತದೆ, ಬಿಳಿ ಮಾಡುತ್ತದೆ ಎಂಬ ಮೂರೂ ಮಾತನ್ನು ಒಂದೇ ಡಬ್ಬಿಯ ಮೇಲೆ ಬರೆದು ಮಾರುವುದನ್ನು ನೀವು ನೋಡಿದ್ದೀರಿ. ಇಂತಹ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಒಂದು ವಾರದಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಳ ಮೇಲೆ ಚರ್ಮ ತೆಳ್ಳಗಾಗಿ, ಕೆಂಪು ನರಗಳು ಕಾಣಿಸಿಕೊಂಡು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬಂತಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ಇನ್ನು ಕೆಲವದರಲ್ಲಿ ಪಾದರಸ ಇರುತ್ತದೆ. ಕೇರಳದ ಕೋಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಜನರ ಕಾಯಿಲೆಗೆ ಒಂದೇ ವಿಶೇಷ ಗುರುತು ಇತ್ತು. ವಿಚಾರಿಸಿದಾಗ ಆ 15ರಲ್ಲಿ 13 ಜನ ಬಿಳಿ ಮಾಡುವ ಕ್ರೀಮ್ ಹಚ್ಚಿದವರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಮುಟ್ಟಿತ್ತು. ತಾಯಂದಿರೇ, ಇದನ್ನು ನೆನಪಿನಲ್ಲಿಡಿ.

ಹಾಗಾದರೆ ಏನು ಮಾಡಬೇಕು? ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ಒಂದು, ಡಬ್ಬಿಯ ಮೇಲೆ ಒಳಗಿರುವ ವಸ್ತುಗಳ ಪಟ್ಟಿ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇವೆಯೇ? ಎರಡು, ಆ ವಸ್ತುವನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆಯೇ, ಎಷ್ಟು ಜನರ ಮೇಲೆ, ಎಷ್ಟು ಕಾಲ? ಮೂರು, ಯಾವುದಕ್ಕೆ ಹೋಲಿಸಿ ನೋಡಿದ್ದಾರೆ? ನಾಲ್ಕು, ತೊಂದರೆ ಏನು ಎಂದು ಹೇಳಿದ್ದಾರೆಯೇ? ಐದು, ಹಚ್ಚಿಕೊಂಡು ಬಿಸಿಲಿಗೆ ಹೋಗಬಹುದೇ? ಗರ್ಭಿಣಿಯರು ಆರನೆಯದನ್ನೂ ಕೇಳಬೇಕು. 'ಎ' ಜೀವಸತ್ವದ ಬಳಗದ ಟ್ರೆಟಿನಾಯಿನ್, ರೆಟಿನಾಲ್ ಮೊದಲಾದವನ್ನು ಗರ್ಭಿಣಿಯರು ಹಚ್ಚಬಾರದು ಎಂಬುದು ವೈದ್ಯರ ಸಲಹೆ.

ಖರ್ಚಿನ ಮಾತಿಗೆ ಬಂದರೆ, ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಬಿಸಿಲು ತಡೆಯುವುದಕ್ಕೆ. ಕೊಳ್ಳುವ ಶಕ್ತಿ ಇದ್ದವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಲಿ. ಕೂಲಿಗೆ ಹೋಗುವ ತಾಯಿಗೆ ಅದು ಸಾಧ್ಯವಾಗದಿದ್ದರೆ ದುಪಟ್ಟಾ, ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮರದ ನೆರಳು. ಇವು ಕೂಡ ಅದೇ ಕಿರಣಗಳನ್ನು ತಡೆಯುತ್ತವೆ. ಹೊಲದ ಮಾಲೀಕರು ಈ ಸಭೆಯಲ್ಲಿದ್ದರೆ ಅವರಿಗೂ ಒಂದು ವಿನಂತಿ: ಬಿಸಿಲೇರಿದ ಹೊತ್ತಿನಲ್ಲಿ ಬಿಡುವು ಕೊಡಿ.

ವಿದ್ಯಾರ್ಥಿಗಳಿಗೆ

ಮಕ್ಕಳೇ, ಈ ಕ್ಷೇತ್ರದಲ್ಲಿ ನಿಮಗೂ ಜಾಗವಿದೆ. 1930ರಲ್ಲಿ ಡೆಹ್ರಾಡೂನಿನಲ್ಲಿ ಎಂ. ಮನಾಲ್ ಎಂಬ ತರುಣ ಗಿಡಮೂಲಿಕೆಗಳನ್ನು ವಿಜ್ಞಾನದ ಪರೀಕ್ಷೆಗೆ ಒಡ್ಡಬೇಕೆಂದು ಹಿಮಾಲಯ ಸಂಸ್ಥೆಯನ್ನು ಆರಂಭಿಸಿದರು. ಇಂದು ಅದರ ಕೇಂದ್ರ ನಮ್ಮ ಬೆಂಗಳೂರಿನಲ್ಲಿದೆ. ಅದೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಉರ್ದು ಓದುವ ನೀವು ಅಲ್ಲಿಯ ಗ್ರಂಥಗಳನ್ನು ಓದಬಲ್ಲಿರಿ. ಆದರೆ ಉರ್ದು ಮಾತ್ರ ಸಾಲದು, ರಸಾಯನಶಾಸ್ತ್ರವೂ ಬೇಕು. ನನ್ನ ಬಳಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಕಷ್ಟ ಎಂದು ಹೆದರಿ ಬಿಡುವ ಹುಡುಗಿಯರೇ, ನನ್ನ ಖಾಲಾರನ್ನು ಒಮ್ಮೆ ನೆನೆಯಿರಿ. ನಿಮ್ಮ ಮನೆಯಲ್ಲೂ ಓದು ಬಾರದ ಒಬ್ಬರು ಬಾಟಲಿ ಹಿಡಿದು ನಿಮ್ಮ ಬಳಿ ಬರುತ್ತಾರೆ. ಅವರಿಗೆ ನಿಮ್ಮ ಮೇಲೆ ಪೂರ್ಣ ನಂಬಿಕೆ ಇರುತ್ತದೆ. "ಗೊತ್ತಿಲ್ಲ, ಕೇಳಿ ತಿಳಿದು ಹೇಳುತ್ತೇನೆ" ಎನ್ನುವಷ್ಟು ವಿದ್ಯೆಯಾದರೂ ನಮಗಿರಲಿ.

ಖಾಲಾ ಈಗ ತಲೆಗೆ ಟೋಪಿ, ಅದರ ಮೇಲೆ ದುಪಟ್ಟಾ ಸುತ್ತಿಕೊಂಡು ಗದ್ದೆಗೆ ಹೋಗುತ್ತಾರೆ. ಕಲೆ ಬಹುತೇಕ ಮಾಸಿದೆ. ಸುಕ್ಕು ಹಾಗೆಯೇ ಇದೆ. "ಇರಲಿ ಬೇಟಿ, ಇದು ನನ್ನ ವಯಸ್ಸಿನ ಲೆಕ್ಕ" ಎಂದು ನಗುತ್ತಾರೆ. ಕಳೆದ ಬಕ್ರೀದಿಗೆ ಮೊಮ್ಮಗಳನ್ನು ಎತ್ತಿಕೊಂಡು ಫೋಟೋಗೆ ನಿಂತರು. ನಾನೇ ತೆಗೆದೆ.